ಆಪರೇಷನ್ ಆದವರಿಗೆ ಬರೀ ಗಂಜಿ ಸಾಕೇ?

ಮುಂಬಯಿಯಲ್ಲಿ ನಮ್ಮವರಿಗೆ ಯಾರಿಗಾದರೂ ಆಪರೇಷನ್ ಆಯಿತೆಂದರೆ ಸುದ್ದಿ ಒಂದೇ ದಿನದಲ್ಲಿ ವಿರಾರ್‌ನಿಂದ ಡೊಂಬಿವಲಿವರೆಗೆ ತಲುಪುತ್ತದೆ. ಸಂಘದವರು, ಊರಿನವರು, ಬಂಧುಗಳು ಲೋಕಲ್ ಹಿಡಿದು ನೋಡಲು ಬರುತ್ತಾರೆ. ಬಂದವರ ಕೈಯಲ್ಲಿ ಎಳನೀರು, ಬಿಸ್ಕತ್ತಿನ ಪೊಟ್ಟಣ. ಬಾಯಲ್ಲಿ ಒಂದೇ ಬುದ್ಧಿಮಾತು: "ಮೀನು, ಮೊಟ್ಟೆ ಮುಟ್ಟಬೇಡಿ, ನಂಜಾಗುತ್ತದೆ. ಗಂಜಿ ಉಂಡು ಮಲಗಿ." ಪ್ರೀತಿಯಿಂದ ಹೇಳುವ ಈ ಮಾತೇ ಕೆಲವೊಮ್ಮೆ ಗಾಯ ಮಾಗುವುದನ್ನು ತಡಮಾಡುತ್ತದೆ.

ಹೋಟೆಲಿನಲ್ಲಿ ದುಡಿಯುವ ಪರಿಚಿತರೊಬ್ಬರಿಗೆ ಹರ್ನಿಯಾ ಆಪರೇಷನ್ ಆಗಿತ್ತು. ಮೊದಲೇ ಸಕ್ಕರೆ ಕಾಯಿಲೆ. ಮೂರು ವಾರ ಕಳೆದರೂ ಗಾಯದಿಂದ ನೀರು ಒಸರುವುದು ನಿಂತಿರಲಿಲ್ಲ. ಸಂಬಳವಿಲ್ಲದ ರಜೆ, ತಲೆಯ ಮೇಲೆ ಮನೆ ಬಾಡಿಗೆ. ಡ್ರೆಸ್ಸಿಂಗ್ ಮಾಡುವ ನರ್ಸ್ ಒಂದು ದಿನ "ಊಟಕ್ಕೆ ಏನು ಕೊಡುತ್ತಿದ್ದೀರಿ?" ಎಂದು ಕೇಳಿದರು. "ಮೂರು ಹೊತ್ತೂ ಗಂಜಿ, ಚೂರು ಉಪ್ಪಿನಕಾಯಿ. ಪಥ್ಯ ತಪ್ಪಿಸಿಲ್ಲ ಅಮ್ಮಾ" ಎಂದರು ಮನೆಯಾಕೆ. ತೊಂದರೆಯ ಒಂದು ಎಳೆ ಅಲ್ಲಿಯೇ ಸಿಕ್ಕಿತು.

ಕೊಯ್ದ ಚರ್ಮ, ಸ್ನಾಯು ಮತ್ತೆ ಕೂಡಬೇಕಾದರೆ ಪ್ರೋಟೀನ್ ಬೇಕು. ರೋಗಾಣುಗಳ ವಿರುದ್ಧ ಹೋರಾಡುವ ಬಿಳಿ ರಕ್ತಕಣ, ಪ್ರತಿಕಾಯಗಳು ತಯಾರಾಗುವುದೂ ಅದರಿಂದಲೇ. ಊಟದಲ್ಲಿ ಸಿಗದಿದ್ದರೆ ದೇಹವು ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಆರೋಗ್ಯವಂತರಿಗೆ ದಿನಕ್ಕೆ ದೇಹತೂಕದ ಕಿಲೋ ಒಂದಕ್ಕೆ ಸುಮಾರು 0.83 ಗ್ರಾಂ ಪ್ರೋಟೀನ್ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದೆ. ದೊಡ್ಡ ಶಸ್ತ್ರಚಿಕಿತ್ಸೆಯಾದವರಿಗೆ ಅದು 1.2ರಿಂದ 1.5 ಗ್ರಾಂ ಇರಬೇಕೆಂಬುದು ತಜ್ಞರ ಸಲಹೆ. ಅಂದರೆ 60 ಕಿಲೋ ತೂಕದವರಿಗೆ 70ರಿಂದ 90 ಗ್ರಾಂ. 50 ಗ್ರಾಂ ಅಕ್ಕಿಯ ಗಂಜಿಯಲ್ಲಿ ಸಿಗುವುದು ಹೆಚ್ಚೆಂದರೆ 4 ಗ್ರಾಂ!

ಇದು ಇಂದು ನಿನ್ನೆಯ ತಿಳಿವಳಿಕೆಯಲ್ಲ. ಅಮೆರಿಕದ ಶಸ್ತ್ರವೈದ್ಯ ಹೈರಂ ಸ್ಟಡ್ಲಿ 1936ರಲ್ಲಿಯೇ ಹೊಟ್ಟೆಹುಣ್ಣಿನ ಆಪರೇಷನ್ ಆದವರ ಲೆಕ್ಕ ತೆಗೆದಿದ್ದರು. ಆಪರೇಷನ್ನಿಗೆ ಮೊದಲೇ ಶೇ. 20ಕ್ಕಿಂತ ಹೆಚ್ಚು ತೂಕ ಕಳೆದುಕೊಂಡಿದ್ದವರಲ್ಲಿ ಮೂವರಲ್ಲೊಬ್ಬರು ತೀರಿಕೊಂಡಿದ್ದರು. ಉಳಿದವರಲ್ಲಿ ಆ ಪ್ರಮಾಣ ಶೇ. 3.5 ಮಾತ್ರ. 1990ರ ದಶಕದಲ್ಲಿ ಡೆನ್ಮಾರ್ಕಿನ ಡಾ. ಹೆನ್ರಿಕ್ ಕೆಹ್ಲೆಟ್ ಅವರು ರೋಗಿಗೆ ಬೇಗ ಊಟ ಕೊಟ್ಟು, ಬೇಗ ನಡೆದಾಡಿಸುವ ಕ್ರಮವನ್ನು ಬೆಳೆಸಿದರು. ಈಗ ಅದು ಜಗತ್ತಿನ ಅನೇಕ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ.

ಹಾಗಾದರೆ ನಂಜು? ಗಾಯದಲ್ಲಿ ಕೀವಾಗುವುದು ರೋಗಾಣುಗಳಿಂದ. ಬದನೆಯಿಂದಲೂ ಅಲ್ಲ, ಬಂಗುಡೆಯಿಂದಲೂ ಅಲ್ಲ. ಮೈಗೆ ಒಗ್ಗದ ಪದಾರ್ಥವಿದ್ದರೆ ಅದನ್ನು ಬಿಡಬೇಕು, ಅಷ್ಟೇ. ರಕ್ತದ ಸಕ್ಕರೆ 180 ದಾಟಿಕೊಂಡೇ ಇದ್ದರೆ ಕೀವಾಗುವ ಭಯ ಹೆಚ್ಚು. ನಮ್ಮ ಪರಿಚಿತರಿಗೆ ಗಂಜಿಯಿಂದ ಎರಡು ಕಡೆಯ ನಷ್ಟವಾಯಿತು: ಪ್ರೋಟೀನ್ ಸಿಗಲಿಲ್ಲ, ಸಕ್ಕರೆಯೂ ಏರಿತು.

ಏನು ಉಣ್ಣಬೇಕು? ಬೆಳಿಗ್ಗೆ ಎರಡು ಮೊಟ್ಟೆ, ಒಂದು ಲೋಟ ಹಾಲು ಎಂದರೆ 18 ಗ್ರಾಂ. ಮಧ್ಯಾಹ್ನ ಅನ್ನದ ಜೊತೆ ಒಂದು ಬಟ್ಟಲು ಗಟ್ಟಿ ತೊವ್ವೆ, ನೂರು ಗ್ರಾಂ ಮೀನು ಎಂದರೆ ಸುಮಾರು 30. ಸಂಜೆ ಮೊಳಕೆ ಹೆಸರುಕಾಳಿನ ಉಸಲಿ, ರಾತ್ರಿ ಚಪಾತಿ, ಬೇಳೆ, ಮೊಸರು. ಒಟ್ಟು 70 ದಾಟುತ್ತದೆ. ಸಸ್ಯಾಹಾರಿಗಳು ಮೀನು, ಮೊಟ್ಟೆಗೆ ಬದಲಾಗಿ ಪನೀರ್, ಸೋಯಾ, ಕಡಲೆ, ಹುರುಳಿ ಹೆಚ್ಚಿಸಿಕೊಳ್ಳಬಹುದು. ನೆಲ್ಲಿಕಾಯಿ, ಪೇರಳೆ, ಲಿಂಬೆ ಇವುಗಳ 'ಸಿ' ಜೀವಸತ್ವವೂ ಗಾಯ ಕೂಡಲು ಬೇಕು. ಒಮ್ಮೆಲೇ ಸೇರದಿದ್ದರೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಗಂಜಿಯನ್ನೇ ಬಿಡಬೇಕೆಂದಿಲ್ಲ, ಅದಕ್ಕೆ ಹೆಸರುಬೇಳೆ ಸೇರಿಸಿ ಬೇಯಿಸಿದರೆ ಆಯಿತು.

ತಯಾರಿ ಮಾತ್ರ ಮೊದಲೇ ಶುರುವಾಗಬೇಕು. ಮೆಡಿಕ್ಲೇಮ್ ಮಂಜೂರಾಗಲು, ರಜೆ ಸಿಗಲು ಕಾಯುವ ಆ ಕೆಲವು ವಾರಗಳು ವ್ಯರ್ಥವಾಗದಿರಲಿ. ಹಿಮೋಗ್ಲೋಬಿನ್ ನೋಡಿಸಿ. ಹೆಂಗಸರಿಗೆ 12, ಗಂಡಸರಿಗೆ 13ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, ಅದು ಸರಿಯಾಗಲು ಸಮಯ ಬೇಕು. ಬೀಡಿ, ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲೇ ಬಿಡಿ. ಊರಿನಿಂದ ತಂದ ಕಷಾಯ, ಪುಡಿ, ಮಾತ್ರೆಗಳಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ, ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ. ಹಿಂದಿನ ರಾತ್ರಿಯಿಂದ ಒಂದು ತೊಟ್ಟು ನೀರೂ ಇಲ್ಲದೆ ಇರಬೇಕೆಂಬ ಕಟ್ಟುನಿಟ್ಟು ಈಗ ಎಲ್ಲರಿಗೂ ಇಲ್ಲ. ಸಾಮಾನ್ಯವಾಗಿ ಲಘು ಆಹಾರ ಆರು ಗಂಟೆ, ಬರೀ ನೀರು ಎರಡು ಗಂಟೆ ಮೊದಲು ನಿಲ್ಲಿಸಿದರೆ ಸಾಕು. ಆದರೆ ನಿಮಗೆ ಹೇಳಿದ ಸಮಯವನ್ನೇ ಪಾಲಿಸಿ. ಮೂತ್ರಪಿಂಡದ ಕಾಯಿಲೆ ಇದ್ದವರು, ಹೊಟ್ಟೆ, ಕರುಳಿನ ಆಪರೇಷನ್ ಆದವರು ವೈದ್ಯರನ್ನು ಕೇಳಿಯೇ ಆಹಾರ ಬದಲಿಸಬೇಕು.

ನಮ್ಮ ಸಂಘಗಳ ಆರೋಗ್ಯ ಶಿಬಿರಗಳಲ್ಲಿ ರಕ್ತದೊತ್ತಡ, ಸಕ್ಕರೆ ನೋಡುವುದು ಇದ್ದೇ ಇದೆ. ಅದರ ಜೊತೆ ತೂಕ, ಹಿಮೋಗ್ಲೋಬಿನ್ ನೋಡಿ, ಆಹಾರ ತಜ್ಞರೊಬ್ಬರನ್ನು ಕೂರಿಸಿದರೆ ಖರ್ಚು ಹೆಚ್ಚಲ್ಲ, ಉಪಕಾರ ದೊಡ್ಡದು.

ನಮ್ಮ ಆ ಪರಿಚಿತರ ಊಟ ಬದಲಾಯಿತು, ವೈದ್ಯರು ಸಕ್ಕರೆಯ ಔಷಧಿಯನ್ನೂ ಸರಿಪಡಿಸಿದರು. ಗಾಯ ಮಾಗಿ ಅವರು ಮತ್ತೆ ಗಲ್ಲೆಯಲ್ಲಿ ಕುಳಿತಿದ್ದಾರೆ. ಮುಂದಿನ ಸಲ ರೋಗಿಯನ್ನು ನೋಡಲು ಹೊರಟಾಗ ಬಿಸ್ಕತ್ತಿನ ಬದಲು ಒಂದು ಡಬ್ಬಿ ಉಸಲಿ ಒಯ್ಯೋಣ. ಬುದ್ಧಿಮಾತನ್ನೂ ಸ್ವಲ್ಪ ಬದಲಿಸೋಣ.