ಉದ್ದ ದಂಟಿನ ಬ್ರೊಕೊಲಿ: ಹೂವು ಬಿಟ್ಟು ದಂಟಿನ ಪಲ್ಯ



ಉದ್ದ ದಂಟಿನ ಬ್ರೊಕೊಲಿ ಈಗ ದೊಡ್ಡ ಊರುಗಳ ಅಂಗಡಿಗಳಲ್ಲಿ ಸಿಗುತ್ತಿದೆ. ಹೊಂಬುಜದ ಪದ್ಮಾವತಿ ಅಮ್ಮನವರ ದರ್ಶನಕ್ಕೆಂದು ಬೆಂಗಳೂರಿನಿಂದ ಬರುವ ಮಕ್ಕಳು, ನೆಂಟರು ನಮ್ಮ ಸಕ್ರೆಬೈಲಿನಂಥ ಊರುಗಳಿಗೂ ಅದನ್ನು ತರುತ್ತಾರೆ. "ನಾವು ಇದನ್ನು ತಿನ್ನಬಹುದೇ?" ಎಂದು ಮನೆಯ ಹೆಂಗಸರು ಕೇಳುತ್ತಾರೆ.

ಇದು ಜಪಾನಿನ ಸಕಾಟಾ ಬೀಜ ಕಂಪನಿಯವರು ಬ್ರೊಕೊಲಿಯನ್ನು ಚೀನಾದ ಕೇಲ್ ಸೊಪ್ಪಿನೊಂದಿಗೆ ಸಂಕರ ಮಾಡಿ ತಂದ ತಳಿ. ಹೂಕೋಸು, ಎಲೆಕೋಸು, ನವಿಲುಕೋಸು ಇದರ ನೆಂಟರೇ. ನೆಲದ ಮೇಲೆ ಬೆಳೆಯುವುದರಿಂದ ಇದು ಕಂದಮೂಲವಲ್ಲ. ತೊಂದರೆ ಇರುವುದು ತುದಿಯ ಹೂಮೊಗ್ಗಿನಲ್ಲಿ. ಒತ್ತೊತ್ತಾದ ಮೊಗ್ಗುಗಳ ನಡುವೆ ಸಣ್ಣ ಹಸಿರು ಹುಳು, ಹೇನುಗಳು ಸೇರಿಕೊಳ್ಳುತ್ತವೆ. ಬಣ್ಣವೂ ಹಸಿರಾದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ನಮ್ಮ ಹಿರಿಯರು ಹೂಕೋಸು ಬಿಟ್ಟಿದ್ದು ಈ ತ್ರಸ ಜೀವಗಳ ಕಾರಣಕ್ಕೆ. ಸಮಂತಭದ್ರ ಆಚಾರ್ಯರೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಬೇವಿನ ಹೂ, ಕೇದಗೆ ಹೂಗಳನ್ನು ಬಿಡಬೇಕೆಂದಿದ್ದಾರೆ. ತಿನ್ನುವುದರಿಂದ ಲಾಭ ಅಲ್ಪ, ಹಿಂಸೆ ಬಹಳ ಎಂಬುದು ಅಲ್ಲಿನ ಭಾವ.

"ಉಪ್ಪು ಹಾಕಿದ ಬಿಸಿನೀರಿನಲ್ಲಿ ನೆನೆಸಿದರೆ ಹುಳು ಹೊರಗೆ ಬರುತ್ತದಲ್ಲ" ಎನ್ನುವವರಿದ್ದಾರೆ. ಬರುತ್ತದೆ, ಆದರೆ ಸತ್ತು ಬರುತ್ತದೆ. ತಿನ್ನುವವರಿಗೆ ತರಕಾರಿ ಶುದ್ಧವಾಯಿತು, ಹಿಂಸೆ ಮಾತ್ರ ತಪ್ಪಲಿಲ್ಲ. ಆದ್ದರಿಂದ ನೀರು ತಾಗಿಸುವ ಮೊದಲೇ ಹೂಭಾಗವನ್ನು ಎರಡು ಬೆರಳಷ್ಟು ದಂಟಿನ ಸಮೇತ ಕತ್ತರಿಸಿ, ಹಿತ್ತಲಿನ ಗಿಡದ ನೆರಳಿನಲ್ಲಿ ಇಡಿ. ದಂಟು ನುಣುಪಾಗಿರುವುದರಿಂದ ತಿರುಗಿಸಿ ನೋಡಿದರೆ ಎಲ್ಲವೂ ಕಾಣುತ್ತದೆ. ಎಲೆ ಇದ್ದರೆ ತೆಗೆಯಿರಿ.

ಪಲ್ಯಕ್ಕೆ, ನಾಲ್ವರಿಗೆ ಬೇಕಾಗುವುದು: ದಂಟು 250 ಗ್ರಾಂ, ಎಣ್ಣೆ 2 ಚಮಚ, ಸಾಸಿವೆ ಅರ್ಧ ಚಮಚ, ಉದ್ದಿನಬೇಳೆ 1 ಚಮಚ, ಒಣಮೆಣಸಿನಕಾಯಿ 2, ಚಿಟಿಕೆ ಇಂಗು, ಚಿಟಿಕೆ ಅರಿಸಿನ, ತೆಂಗಿನ ತುರಿ ಒಂದು ಹಿಡಿ, ಅರ್ಧ ನಿಂಬೆಹಣ್ಣು, ರುಚಿಗೆ ಉಪ್ಪು.

ದಂಟನ್ನು ಸೋಸಿದ ನೀರಿನಲ್ಲಿ ತೊಳೆದು, ಬುಡದ ಗಟ್ಟಿ ಸಿಪ್ಪೆ ಹೆರೆದು, ಹುರುಳಿಕಾಯಿಯಂತೆ ಸಣ್ಣಗೆ ಹೆಚ್ಚಿ. ಬಾಣಲೆಯಲ್ಲಿ ಒಗ್ಗರಣೆ ಮಾಡಿ, ದಂಟು, ಅರಿಸಿನ, ಉಪ್ಪು ಹಾಕಿ ಎರಡು ನಿಮಿಷ ಬಾಡಿಸಿ. ಮೂರು ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ನಾಲ್ಕೈದು ನಿಮಿಷ ಬೇಯಿಸಿ. ಹೆಚ್ಚು ಬೆಂದರೆ ಕೋಸಿನ ವಾಸನೆ ಬರುತ್ತದೆ. ತುರಿ ಬೆರೆಸಿ, ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಈರುಳ್ಳಿ, ಬೆಳ್ಳುಳ್ಳಿ, ಹಸಿಶುಂಠಿ ಯಾವುದೂ ಬೇಕಿಲ್ಲ. ಅನ್ನ ಸಾರಿಗೂ ಚಪಾತಿಗೂ ಹೊಂದುತ್ತದೆ. ಹತ್ತು ಹದಿನೈದು ನಿಮಿಷದ ಕೆಲಸವಾದ್ದರಿಂದ ಸಂಜೆ ಕೆಲಸದಿಂದ ಬಂದವರೂ ಸೂರ್ಯಾಸ್ತದೊಳಗೆ ಊಟ ಮುಗಿಸಬಹುದು. ಮಿಕ್ಕಿದ್ದನ್ನು ಫ್ರಿಜ್‌ನಲ್ಲಿಟ್ಟು ಮರುದಿನ ತಿನ್ನಬೇಡಿ.

ಅಷ್ಟಮಿ, ಚತುರ್ದಶಿಗಳಲ್ಲಿ ಹಸಿರು ತರಕಾರಿ ಬಿಟ್ಟವರಿಗೆ ಇದು ಆಗದು. ಕೋಸಿನ ಜಾತಿಯನ್ನೇ ಬಿಡುವ ನಿಯಮ ತೆಗೆದುಕೊಂಡವರು ದಂಟನ್ನೂ ಬಿಡುವುದೇ ಸರಿ. ಮುನಿಗಳ ಆಹಾರದ ಚೌಕಕ್ಕೆ, ಅಲ್ಲಿನ ವ್ರತಿಗಳನ್ನು ಕೇಳದೆ ಇಂಥ ಹೊಸ ತರಕಾರಿ ಒಯ್ಯಬೇಡಿ.

ಹೂವು ಬಿಟ್ಟು ದಂಟಿಗಾಗಿಯೇ ದುಬಾರಿ ಬೆಲೆ ಕೊಟ್ಟು ತರಬೇಕೆಂದೂ ಇಲ್ಲ. ಹುರುಳಿಕಾಯಿ, ತೊಂಡೆಕಾಯಿಗಳಲ್ಲೂ ಇದೇ ಪಲ್ಯ ಆಗುತ್ತದೆ. ತೊಂಡೆಕಾಯಿಗೆ ಐದು ನಿಮಿಷ ಹೆಚ್ಚು ಬೇಕು, ಅಷ್ಟೆ. ಮನೆಗೆ ಬ್ರೊಕೊಲಿ ಬಂದಿದ್ದರೆ ಮಾತ್ರ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೂವನ್ನು ಬಿಡಿಸಿ ತೋರಿಸಿ. ಏಕೆ ಬಿಡುತ್ತೇವೆ ಎಂಬುದು ಅವರಿಗೆ ತಾನಾಗಿ ತಿಳಿಯುತ್ತದೆ.