ಬಾತುಕೋಳಿ ಏಕೆ ಬೀಳಲಿಲ್ಲ?

ಮಕ್ಕಳೇ, ನಿಮ್ಮ ಮನೆಯ ಅಟ್ಟದ ಮೇಲೆ ಅಥವಾ ಹಳೆಯ ಟ್ರಂಕಿನಲ್ಲಿ ಒಂದು ಪ್ಲಾಸ್ಟಿಕ್ ಪೆಟ್ಟಿಗೆ ಇದೆಯೇ ಹುಡುಕಿ ನೋಡಿ. ಅದಕ್ಕೆ ವೈರಿನಿಂದ ಜೋಡಿಸಿದ ಎರಡು ರಿಮೋಟುಗಳಿರುತ್ತವೆ. ಮೇಲ್ಭಾಗದಲ್ಲಿ ಕ್ಯಾಸೆಟ್ಟು ಸಿಕ್ಕಿಸಲು ಒಂದು ಸೀಳು. ಅದೃಷ್ಟವಿದ್ದರೆ ಜೊತೆಗೆ ಒಂದು ಆಟದ ಗನ್ನೂ ಇರುತ್ತದೆ. ನಿಮ್ಮ ಅಪ್ಪನನ್ನೋ ಸೋದರಮಾವನನ್ನೋ ಕರೆದು "ಇದೇನು?" ಎಂದು ಕೇಳಿ. ಅವರ ಮುಖ ಅರಳದಿದ್ದರೆ ನನಗೆ ಬರೆದು ತಿಳಿಸಿ!

ಮೊಳಕಾಲ್ಮುರು ತಾಲ್ಲೂಕಿನ ಒಂದು ಶಾಲೆಗೆ ನಾನು ಹೋಗಿದ್ದಾಗ ಆರನೇ ತರಗತಿಯ ಹುಡುಗನೊಬ್ಬ ಇಂಥದೇ ಪೆಟ್ಟಿಗೆಯನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಬಂದಿದ್ದ. "ಸಾರ್, ಇದು ನಮ್ಮಣ್ಣಂದು. ಗನ್ನು ಕೆಟ್ಟೋಗೈತಾ ನೋಡಿ. ಎಷ್ಟು ಹೊಡುದ್ರೂ ಬಾತುಕೋಳಿ ಬೀಳ್ತಾನೇ ಇಲ್ಲ" ಎಂದ. ಅವನ ಅಣ್ಣ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಊರಿಗೆ ಬರುವವನಿದ್ದ. ಅಷ್ಟರೊಳಗೆ ಗನ್ನು ಸರಿಯಾಗಬೇಕು, ಅಣ್ಣನ ಜೊತೆ ಆಡಬೇಕು. ಜಾತ್ರೆಗೆ ಹತ್ತೇ ದಿನ ಉಳಿದಿತ್ತು.

ಈ ಪೆಟ್ಟಿಗೆಯ ಮೂಲ ಜಪಾನಿನದು. ನಿಂಟೆಂಡೊ ಎಂಬ ಕಂಪನಿ 1983ರ ಜುಲೈ 15ರಂದು 'ಫ್ಯಾಮಿಕಾಮ್' ಎಂಬ ಹೆಸರಿನಲ್ಲಿ ಇದನ್ನು ಮಾರಾಟಕ್ಕೆ ಬಿಟ್ಟಿತು. ಮಸಾಯುಕಿ ಉಯೆಮುರಾ ಎಂಬ ಎಂಜಿನಿಯರ್ ಇದನ್ನು ರೂಪಿಸಿದರು. ಪ್ರಪಂಚದಾದ್ಯಂತ ಆರು ಕೋಟಿಗೂ ಹೆಚ್ಚು ಪೆಟ್ಟಿಗೆಗಳು ಮಾರಾಟವಾದವು. 1990ರ ದಶಕದಲ್ಲಿ ನಮ್ಮ ದೇಶದಲ್ಲಿ ಇದು 'ಸಮುರಾಯ್' ಎಂಬ ಹೆಸರಿನಲ್ಲಿ ಸಿಗುತ್ತಿತ್ತು. ಅನಂತರ ಅಗ್ಗದ ನಕಲುಗಳು ಸಂತೆ, ಜಾತ್ರೆಗಳಿಗೂ ಬಂದವು. ಜಪಾನಿನ ಕಂಪನಿ 2003ರಲ್ಲಿ ಇದರ ತಯಾರಿಕೆಯನ್ನು ನಿಲ್ಲಿಸಿತು. 2007ರಲ್ಲಿ ರಿಪೇರಿಯನ್ನೂ ನಿಲ್ಲಿಸಿತು. ಆದರೆ ಜನ ಇದನ್ನು ಬಿಡಲಿಲ್ಲ.

ನಾನೂ ಬಿಟ್ಟವನಲ್ಲ. ನಾಯಕನಹಟ್ಟಿ ಜಾತ್ರೆಯಲ್ಲಿ ಮಿಠಾಯಿ ಅಂಗಡಿಗಳ ಸಾಲಿನ ಕೊನೆಗೆ ಒಂದು ಗುಡಾರದಲ್ಲಿ ಟಿ.ವಿ. ಇಟ್ಟು ಈ ಆಟ ಆಡಿಸುತ್ತಿದ್ದರು. ಒಂದು ರೂಪಾಯಿ ಕೊಟ್ಟರೆ ಮಾರಿಯೋ ಮೂರು ಸಲ ಸಾಯುವವರೆಗೆ ಆಡಬಹುದಿತ್ತು. ಏಳನೇ ತರಗತಿಯಲ್ಲಿದ್ದಾಗ ಚಳ್ಳಕೆರೆಯಲ್ಲಿದ್ದ ದೊಡ್ಡಪ್ಪನ ಮಗ ಒಂದು ಪೆಟ್ಟಿಗೆ ತಂದ. ಅದರ ಅಡಾಪ್ಟರ್ ಸಿಗದೆ ನಾನು ರೇಡಿಯೋದ ಅಡಾಪ್ಟರ್ ಸಿಕ್ಕಿಸಿದೆ. ಪಿನ್ನು ಸರಿಯಾಗಿಯೇ ಕೂತಿತು. ಆದರೆ ಒಂದರ ಪಿನ್ನಿನ ನಡುವೆ ಧನ, ಇನ್ನೊಂದರ ನಡುವೆ ಋಣ! ಸುಟ್ಟ ವಾಸನೆ ಬಂತು, ಪೆಟ್ಟಿಗೆ ಅಲ್ಲಿಗೆ ಮುಗಿಯಿತು. ಅಣ್ಣ ಬಹಳ ದಿನ ನನ್ನೊಡನೆ ಮಾತು ಬಿಟ್ಟಿದ್ದ. ಎಂ.ಎಸ್ಸಿ. ಮಾಡಿದ ಮೇಲೂ ಯಾವ ಅಡಾಪ್ಟರ್ ಕೈಗೆ ಬಂದರೂ ಮಲ್ಟಿಮೀಟರ್ ಇಟ್ಟು ನೋಡದೆ ಸಿಕ್ಕಿಸುವುದಿಲ್ಲ. ಹುಡುಗನ ಅಡಾಪ್ಟರನ್ನೂ ಮೊದಲು ಹಾಗೆಯೇ ನೋಡಿದೆ. ಸರಿಯಾಗಿತ್ತು.

ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಲು ಹೋದವನನ್ನು ತಡೆದೆ. ನಾವೆಲ್ಲ ಊದುತ್ತಿದ್ದೆವು, ಊದಿದರೆ ಆಟ ಬರುತ್ತದೆ ಎಂದು ನಂಬಿದ್ದೆವು. ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಉಸಿರಲ್ಲ, ಕ್ಯಾಸೆಟ್ಟನ್ನು ಕಿತ್ತು ಮತ್ತೆ ಸಿಕ್ಕಿಸುವುದು. ಹಾಗೆ ಮಾಡಿದಾಗ ಲೋಹದ ಪಟ್ಟಿಗಳು ಒಂದಕ್ಕೊಂದು ಉಜ್ಜಿ ಸಂಪರ್ಕ ಸರಿಯಾಗುತ್ತದೆ. ಉಸಿರಿನಲ್ಲಿರುವ ನೀರಾವಿ ಆ ಪಟ್ಟಿಗಳಿಗೆ ಕಿಲುಬು ಹಿಡಿಸುತ್ತದೆ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಚ್ಚಿ ಒರೆಸಿ, ಒಣಗಿಸಿ ಸಿಕ್ಕಿಸಿದೆವು. ಶಾಲೆಯ ಎಲ್‌ಇಡಿ ಟಿ.ವಿ.ಯಲ್ಲಿ ಮಾರಿಯೋ ಓಡಿದ! ಆದರೆ ಬಾತುಕೋಳಿ ಮಾತ್ರ ಬೀಳಲಿಲ್ಲ.

ಈ ಪೆಟ್ಟಿಗೆ ಎಷ್ಟು ಚಿಕ್ಕ ಕಂಪ್ಯೂಟರ್ ಗೊತ್ತೆ? ಇದರ ಕೆಲಸದ ನೆನಪು ಕೇವಲ 2,048 ಬೈಟ್. ಪರದೆಯ ಮೇಲೆ ಅಡ್ಡಕ್ಕೆ 256, ಉದ್ದಕ್ಕೆ 240 ಚುಕ್ಕೆಗಳಿವೆ. ಗುಣಿಸಿ ನೋಡಿ: 61,440 ಚುಕ್ಕೆಗಳು. ಒಂದೊಂದು ಚುಕ್ಕೆಗೆ ಒಂದೊಂದು ಬೈಟ್ ಕೊಟ್ಟರೂ ಇರುವ ನೆನಪಿನ ಮೂವತ್ತು ಪಟ್ಟು ಬೇಕು. ಹಾಗಾದರೆ ಚಿತ್ರ ಬರುವುದು ಹೇಗೆ?

ಇದಕ್ಕೆ ಉತ್ತರ ಮೊಳಕಾಲ್ಮುರಿನ ಮಕ್ಕಳಿಗೆ ಸುಲಭವಾಗಿ ಹೊಳೆಯಬೇಕು. ನಿಮ್ಮೂರಿನ ರೇಷ್ಮೆ ಸೀರೆಯಲ್ಲಿ ಬುಟ್ಟಾ ಮೂಡುವುದನ್ನು ನೋಡಿದ್ದೀರಲ್ಲವೆ? ವಿನ್ಯಾಸವನ್ನು ಮೊದಲು ಚೌಕುಳಿ ಕಾಗದದ ಮೇಲೆ ಬರೆಯುತ್ತಾರೆ. ಅದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾರೆ. ಜಕಾರ್ಡ್ ಮಗ್ಗದಲ್ಲಿ ತೂತು ಇದ್ದರೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಏಳುವುದಿಲ್ಲ. ಒಂದು ಬುಟ್ಟಾಕ್ಕೆ ಒಮ್ಮೆ ಕಾರ್ಡು ಮಾಡಿದರೆ ಸಾಕು, ಸೀರೆಯ ಉದ್ದಕ್ಕೂ ಅದನ್ನೇ ಮತ್ತೆ ಮತ್ತೆ ಮೂಡಿಸಬಹುದು. ಆಟದ ಪೆಟ್ಟಿಗೆಯೂ ಹೀಗೆಯೇ ಮಾಡುತ್ತದೆ. ಎಂಟಕ್ಕೆ ಎಂಟು ಚುಕ್ಕೆಗಳ ಒಂದು ಚೌಕವೇ ಇದರ ಬುಟ್ಟಾ. ಪ್ರತಿ ಚುಕ್ಕೆಗೆ ಎರಡು ಬಿಟ್, ಅಂದರೆ ಒಂದು ಚೌಕಕ್ಕೆ 16 ಬೈಟ್. ಈ ಚೌಕಗಳೆಲ್ಲ ಕ್ಯಾಸೆಟ್ಟಿನಲ್ಲಿ ಶಾಶ್ವತವಾಗಿ ಅಚ್ಚಾಗಿರುತ್ತವೆ. ಪರದೆಯಲ್ಲಿ ಅಡ್ಡಕ್ಕೆ 32, ಉದ್ದಕ್ಕೆ 30, ಒಟ್ಟು 960 ಚೌಕಗಳ ಜಾಗವಿದೆ. ಯಾವ ಜಾಗದಲ್ಲಿ ಎಷ್ಟನೇ ಚೌಕ ಎಂಬ 960 ಸಂಖ್ಯೆಗಳನ್ನು ನೆನಪಿಟ್ಟುಕೊಂಡರೆ ಮುಗಿಯಿತು.

ಉಳಿತಾಯ ಇಷ್ಟಕ್ಕೇ ನಿಲ್ಲಲಿಲ್ಲ. 1985ರ 'ಸೂಪರ್ ಮಾರಿಯೋ ಬ್ರದರ್ಸ್' ಆಟದಲ್ಲಿ ಆಕಾಶದ ಮೋಡವನ್ನೂ ನೆಲದ ಪೊದೆಯನ್ನೂ ಹೋಲಿಸಿ ನೋಡಿ. ಎರಡೂ ಒಂದೇ ಚಿತ್ರ! ಬಣ್ಣ ಮಾತ್ರ ಬೇರೆ. ಇಡೀ ಆಟ 40 ಕಿಲೋಬೈಟ್. ಈಗಿನ ಮೊಬೈಲಿನಲ್ಲಿ ತೆಗೆದ ಒಂದೇ ಫೋಟೋ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. 'ಕಾಂಟ್ರಾ' ಆಟದಲ್ಲಿ ಶತ್ರುಗಳು ಹೆಚ್ಚಾದಾಗ ಗುಂಡುಗಳು ಮಿನುಗಿ ಮಾಯವಾಗುತ್ತಿದ್ದವು. ಟಿ.ವಿ. ಕೆಟ್ಟಿದೆ ಎಂದು ನಾವು ಅದರ ತಲೆಗೆ ಬಡಿಯುತ್ತಿದ್ದೆವು. ಪಾಪ, ಟಿ.ವಿ.ಯದು ಏನೂ ತಪ್ಪಿರಲಿಲ್ಲ. ಒಂದು ಅಡ್ಡಸಾಲಿನಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ಚೂರುಗಳನ್ನು ತೋರಿಸಲು ಪೆಟ್ಟಿಗೆಗೆ ಆಗುವುದಿಲ್ಲ. ಆದ್ದರಿಂದ ಸರದಿಯಂತೆ ತೋರಿಸುತ್ತಿತ್ತು. ಇನ್ನು '9999 ಆಟಗಳು' ಎಂದು ಬರೆದ ಕ್ಯಾಸೆಟ್ಟುಗಳಲ್ಲಿ ಬೇರೆ ಬೇರೆ ಆಟಗಳು ಎಷ್ಟು ಎಂದು ಎಣಿಸುವುದನ್ನು ನಿಮಗೇ ಬಿಡುತ್ತೇನೆ.

ಇಷ್ಟು ಚಿಕ್ಕದಾಗಿರುವುದೇ ಜನ ಇದನ್ನು ಇನ್ನೂ ಪ್ರೀತಿಸಲು ಒಂದು ಕಾರಣ ಎಂದು ನನಗನಿಸುತ್ತದೆ. ಈಗಿನ ಮೊಬೈಲಿನ ಒಳಗನ್ನು ಒಬ್ಬನೇ ಮನುಷ್ಯ ಪೂರ್ತಿ ಅರಿಯಲಾರ. ಈ ಪೆಟ್ಟಿಗೆಯನ್ನು ಅರಿಯಬಹುದು. ಇದರ ಮೆದುಳು 1975ರಲ್ಲಿ ಬಂದ '6502' ಎಂಬ ಚಿಪ್ಪಿನ ವಂಶದ್ದು. ಅದರಲ್ಲಿ ಸುಮಾರು 3,500 ಟ್ರಾನ್ಸಿಸ್ಟರುಗಳು ಮಾತ್ರ. ಕೆಲವು ಅಭಿಮಾನಿಗಳು ಆ ಚಿಪ್ಪಿನ ಹೊದಿಕೆಯನ್ನು ತೆಗೆದು, ಸೂಕ್ಷ್ಮದರ್ಶಕದಲ್ಲಿ ಫೋಟೋ ಹಿಡಿದು, ಒಂದೊಂದೇ ಟ್ರಾನ್ಸಿಸ್ಟರನ್ನು ಗುರುತಿಸಿ, ಅದು ಕೆಲಸ ಮಾಡುವ ರೀತಿಯನ್ನು 2010ರಲ್ಲಿ ಕಂಪ್ಯೂಟರ್ ಪರದೆಯ ಮೇಲೆ ತೋರಿಸಿದರು. ಇನ್ನು ಕೆಲವರು ಈ ಹಳೆಯ ಪೆಟ್ಟಿಗೆಗೆ ಇಂದಿಗೂ ಹೊಸ ಆಟ ಬರೆಯುತ್ತಾರೆ. 2019ರಲ್ಲಿ ಬಂದ 'ಮೈಕ್ರೋ ಮೇಜಸ್' ಎಂಬ ಆಟವನ್ನು ಮಾರಿಯೋದಷ್ಟೇ ಜಾಗದಲ್ಲಿ, ಅಂದರೆ 40 ಕಿಲೋಬೈಟಿನಲ್ಲಿ ಹಿಡಿಸಿದರು.

ನಿಮ್ಮ ವಯಸ್ಸಿಗೆ ಹತ್ತಿರದ ಒಬ್ಬ ಹುಡುಗನ ಕತೆಯನ್ನೂ ಹೇಳಬೇಕು. ಈ ಪೆಟ್ಟಿಗೆಯ 'ಟೆಟ್ರಿಸ್' ಆಟ ಬಂದದ್ದು 1989ರಲ್ಲಿ. ಅದಕ್ಕೆ ಕೊನೆಯೇ ಇಲ್ಲ ಎಂದು ಬಹಳ ಕಾಲ ತಿಳಿದಿದ್ದರು. 2023ರ ಡಿಸೆಂಬರ್ 21ರಂದು ಅಮೆರಿಕದ 13 ವರ್ಷದ ವಿಲ್ಲಿಸ್ ಗಿಬ್ಸನ್ 157ನೇ ಮಟ್ಟಕ್ಕೆ ಬಂದಾಗ ಆಟವೇ ಸ್ತಬ್ಧವಾಯಿತು. ಯಂತ್ರವನ್ನು ಅಲ್ಲಿಯವರೆಗೆ ಒಯ್ದ ಮೊದಲ ಮನುಷ್ಯ ಅವನೇ. ಏಕೆ ಸ್ತಬ್ಧವಾಯಿತು? 6502 ಚಿಪ್ಪಿಗೆ ಗುಣಾಕಾರ ಬಾರದು! ಮಗ್ಗಿ ಕಲಿಯದ ಮಕ್ಕಳ ಹಾಗೆ ಕೂಡುತ್ತಾ ಹೋಗುತ್ತದೆ. ಮಟ್ಟ ಏರಿದಂತೆ ಅಂಕಗಳನ್ನು ಹೆಚ್ಚು ಸಲ ಕೂಡಬೇಕು. ಒಂದು ಚಿತ್ರ ಮುಗಿದು ಇನ್ನೊಂದು ಶುರುವಾಗುವ ಸೆಕೆಂಡಿನ ಅರವತ್ತನೇ ಒಂದು ಭಾಗದೊಳಗೆ ಲೆಕ್ಕ ಮುಗಿಯಲಿಲ್ಲ. ಅರ್ಧ ಲೆಕ್ಕದಲ್ಲೇ ಮುಂದಿನ ಕೆಲಸ ಬಂದು ಯಂತ್ರ ದಾರಿ ತಪ್ಪಿತು.

ಈಗ ಬಾತುಕೋಳಿಗೆ ಬರೋಣ. ಗನ್ನಿನಿಂದ ಏನೋ ಕಿರಣ ಹೊರಟು ಟಿ.ವಿ.ಗೆ ಬಡಿಯುತ್ತದೆ ಎಂದು ನೀವೂ ಅಂದುಕೊಂಡಿರಬಹುದು. ವಿಷಯ ತಿರುವುಮುರುವಾಗಿದೆ. ಗನ್ನು ಏನನ್ನೂ ಹೊಡೆಯುವುದಿಲ್ಲ, ನೋಡುತ್ತದೆ. ಅದರ ನಳಿಗೆಯೊಳಗೆ ಬೆಳಕನ್ನು ಗುರುತಿಸುವ ಒಂದು ಬಿಡಿಭಾಗವಿದೆ. ನೀವು ಕುದುರೆ ಎಳೆದ ತಕ್ಷಣ ಇಡೀ ಪರದೆ ಕ್ಷಣಮಾತ್ರ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಬಿಳಿ ಚೌಕ ಮೂಡುತ್ತದೆ. ಕಪ್ಪಿನ ಹಿಂದೆಯೇ ಬಿಳುಪು ಗನ್ನಿಗೆ ಕಂಡರೆ ಗುರಿ ಸರಿ, ಬಾತುಕೋಳಿ ಬೀಳುತ್ತದೆ. ಕಾಣದಿದ್ದರೆ ಹಾರಿಹೋಗುತ್ತದೆ. ಉರಿಯುವ ಬಲ್ಬಿನ ಕಡೆ ಗನ್ನು ಹಿಡಿದು ಮೋಸ ಮಾಡಬಹುದೆ? ಯೋಚಿಸಿ. ಪರದೆ ಕಪ್ಪಾದಾಗಲೂ ಗನ್ನಿಗೆ ಬೆಳಕೇ ಕಾಣುತ್ತದೆ, ಮೋಸ ಗೊತ್ತಾಗುತ್ತದೆ!

ಹಿಂಭಾಗ ಉಬ್ಬಿದ ಹಳೆಯ ಟಿ.ವಿ.ಯಲ್ಲಿ ಎಲೆಕ್ಟ್ರಾನುಗಳ ಕಿರಣವು ಸೆಕೆಂಡಿಗೆ 15 ಸಾವಿರಕ್ಕೂ ಹೆಚ್ಚು ಸಾಲುಗಳನ್ನು ಒಂದಾದಮೇಲೊಂದು ಎಳೆಯುತ್ತದೆ. ಪೆಟ್ಟಿಗೆ ಕಳುಹಿಸಿದ್ದು ಆ ಕ್ಷಣವೇ ಪರದೆಯಲ್ಲಿ ಬೆಳಗುತ್ತದೆ. ಚಪ್ಪಟೆ ಟಿ.ವಿ. ಹಾಗಲ್ಲ. ಬಂದ ಚಿತ್ರವನ್ನು ಒಳಗೆ ಹಿಡಿದು, ಹಿಗ್ಗಿಸಿ, ತಿದ್ದಿ, ಸ್ವಲ್ಪ ತಡವಾಗಿ ತೋರಿಸುತ್ತದೆ. ನಮ್ಮ ಕಣ್ಣಿಗೆ ಆ ತಡ ತಿಳಿಯದು. ಆದರೆ ಗನ್ನು ಕಾಯುವುದು ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಮಾತ್ರ. ಬಿಳಿ ಚೌಕ ಬರುವಷ್ಟರಲ್ಲಿ ಅದು ನೋಡುವುದನ್ನು ಮುಗಿಸಿರುತ್ತದೆ. ಹುಡುಗನ ಗನ್ನು ಕೆಟ್ಟಿರಲಿಲ್ಲ. ಟಿ.ವಿ. ಬದಲಾಗಿತ್ತು!

ಶಾಲೆಯ ಉಗ್ರಾಣದಲ್ಲಿ, ಮುರಿದ ಬೆಂಚುಗಳ ಹಿಂದೆ ಒಂದು ಹಳೆಯ ಟಿ.ವಿ. ಇರುವುದು ಮುಖ್ಯ ಶಿಕ್ಷಕರಿಗೆ ನೆನಪಾಯಿತು. ಧೂಳು ಒರೆಸಿ ಮೇಜಿನ ಮೇಲಿಟ್ಟೆವು. ಮಕ್ಕಳೇ, ಇಂಥ ಟಿ.ವಿ.ಯ ಹಿಂಬದಿಯನ್ನು ನೀವು ಎಂದಿಗೂ ಬಿಚ್ಚಬಾರದು. ಅದರ ನಳಿಕೆಗೆ ಇಪ್ಪತ್ತು ಸಾವಿರ ವೋಲ್ಟಿನಷ್ಟು ವಿದ್ಯುತ್ ಹೋಗುತ್ತದೆ. ಸ್ವಿಚ್ಚು ಆರಿಸಿ ಪ್ಲಗ್ಗು ಕಿತ್ತ ಮೇಲೂ ಒಳಗೆ ವಿದ್ಯುದಂಶ ಉಳಿದಿರುತ್ತದೆ, ಮುಟ್ಟಿದರೆ ಪ್ರಾಣಕ್ಕೇ ಅಪಾಯ. ಹೊರಗಿನಿಂದ ನೋಡುವುದಕ್ಕೆ ಅಡ್ಡಿಯಿಲ್ಲ. ಮೊಬೈಲ್ ಕ್ಯಾಮೆರಾದಲ್ಲಿ ಪರದೆಯನ್ನು ನೋಡಿ. ಕಪ್ಪು ಪಟ್ಟಿಗಳು ಮೇಲೆ ಕೆಳಗೆ ಸರಿಯುವುದು ಕಾಣುತ್ತದೆ. ಚಿತ್ರ ಸಾಲು ಸಾಲಾಗಿ ಮೂಡುತ್ತದೆ ಎಂಬುದಕ್ಕೆ ಅದೇ ಪುರಾವೆ.

ಟಿ.ವಿ. ಹೊತ್ತಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡಿತು. ಯಾರೂ ಮಾತಾಡಲಿಲ್ಲ. ಹುಡುಗ ಕೈ ನೀಡಿ ಗುರಿಯಿಟ್ಟ. ಮೊದಲನೆಯದು ತಪ್ಪಿತು, ಎರಡನೆಯದೂ ತಪ್ಪಿತು. ಮೂರನೇ ಬಾತುಕೋಳಿ ತಲೆಕೆಳಗಾಗಿ ಬಿತ್ತು! ತರಗತಿಯ ಕೂಗಾಟ ಕೇಳಿ ಅಡುಗೆಯವರೂ ಬಾಗಿಲಿಗೆ ಬಂದರು.

ಜಾತ್ರೆಯ ಮಾರನೆಯ ದಿನ ಮುಖ್ಯ ಶಿಕ್ಷಕರ ಅನುಮತಿ ಪಡೆದು ಅಣ್ಣ ತಮ್ಮ ಇಬ್ಬರೂ ಶಾಲೆಗೆ ಬಂದು ಆಡಿದರಂತೆ. ಹುಡುಗ ನನಗೆ ಫೋನು ಮಾಡಿಸಿ ಹೇಳಿದ. ಕೊನೆಗೆ ಒಂದು ಪ್ರಶ್ನೆಯನ್ನೂ ಕೇಳಿದ: "ಸಾರ್, ಈ ಟಿ.ವಿ.ನೂ ಕೆಟ್ಟೋದ್ರೆ?" ಇಂಥ ಟಿ.ವಿ. ಹೊಸದಾಗಿ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಕೆಲವು ಅಭಿಮಾನಿಗಳು ಚಪ್ಪಟೆ ಟಿ.ವಿ.ಗೂ ಹೊಂದುವ ಹೊಸ ಬಗೆಯ ಗನ್ನು ಮಾಡಿದ್ದಾರೆ. ಅದರಲ್ಲಿ ಪುಟ್ಟ ಕ್ಯಾಮೆರಾ ಇದ್ದು, ಪರದೆಯ ನಾಲ್ಕೂ ಅಂಚನ್ನು ನೋಡಿ ಗುರಿ ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಹೇಗೆ ಲೆಕ್ಕ ಹಾಕುತ್ತದೆ ಎಂದು ಅವನು ಬಿಡದೆ ಕೇಳಿದ್ದರಿಂದ ಅದನ್ನು ಮುಂದೊಮ್ಮೆ ಬರೆಯುತ್ತೇನೆ.

ಮಾಡಿ ನೋಡಿ: ಚೌಕುಳಿ ಪುಸ್ತಕದಲ್ಲಿ ಎಂಟಕ್ಕೆ ಎಂಟು ಮನೆಗಳ ಚೌಕ ಹಾಕಿ. ನಾಲ್ಕೇ ಬಣ್ಣ ಬಳಸಿ. ಇಂಥ ನಾಲ್ಕು ಚೌಕಗಳಲ್ಲಿ ಒಂದು ಕುರಿಯನ್ನೋ ನವಿಲನ್ನೋ ಬಿಡಿಸಲು ಪ್ರಯತ್ನಿಸಿ. ಚಿಕ್ಕ ಮಾರಿಯೋನನ್ನು ಬಿಡಿಸಿರುವುದೂ ನಾಲ್ಕೇ ಚೌಕಗಳಲ್ಲಿ. ನಿಮ್ಮ ಚಿತ್ರಕ್ಕೆ ಎಷ್ಟು ಬೈಟ್ ಬೇಕಾಯಿತು ಎಂದು ಪಕ್ಕದಲ್ಲೇ ಬರೆದು, ನಿಮ್ಮ ವಿಜ್ಞಾನ ಶಿಕ್ಷಕರಿಗೆ ಕೊಡಿ.