ಎರಡಂತಸ್ತಿನ ಕೆಂಪು ಬಸ್ಸು: ಕಟ್ಟಿದವರ, ನಡೆಸಿದವರ ನೆನಪು

ಬೆಂಗಳೂರಿನ ರಸ್ತೆಗಳಲ್ಲಿ ಎರಡಂತಸ್ತಿನ ಬಸ್ಸುಗಳು ಓಡುತ್ತಿದ್ದ ಕಾಲದಲ್ಲಿ, ಊರಿನಿಂದ ಬಂದ ನಮ್ಮಂಥ ಮಕ್ಕಳಿಗೆ ಮೇಲಂತಸ್ತಿನ ಮುಂದಿನ ಆಸನ ದೊರೆತರೆ ಅದೇ ಒಂದು ಹಬ್ಬ. ಮರದ ಕೊಂಬೆಗಳು ಕೈಗೆಟುಕುವಷ್ಟು ಹತ್ತಿರ ಬಂದು ಸರಿದುಹೋಗುತ್ತಿದ್ದವು. ಇಷ್ಟು ಎತ್ತರದ ಗಾಡಿ ತಿರುವಿನಲ್ಲಿ ಮಗುಚಿಕೊಳ್ಳುವುದಿಲ್ಲವೇ ಎಂದು ಹಿರಿಯರನ್ನು ಕೇಳುತ್ತಿದ್ದೆವು. ಆ ಪ್ರಶ್ನೆಯ ಉತ್ತರವನ್ನು ಹುಡುಕುತ್ತಾ ಹೋದರೆ, ಅದು ಈ ಬಸ್ಸುಗಳ ತವರಾದ ಲಂಡನ್ನಿಗೆ ನಮ್ಮನ್ನು ಕರೆದೊಯ್ಯುತ್ತದೆ.

ಕುದುರೆ ಎಳೆಯುತ್ತಿದ್ದ ದಿನಗಳಲ್ಲಿಯೇ ಲಂಡನ್ನಿನ ಬಸ್ಸಿಗೆ ಮಾಳಿಗೆಯಿತ್ತು. 1910ರಲ್ಲಿ ಬಂದ 'ಬಿ' ಮಾದರಿಯ ಮೋಟಾರು ಬಸ್ಸು ಕುದುರೆಗಳಿಗೆ ವಿಶ್ರಾಂತಿ ನೀಡಿತು. ಮೊದಲ ಮಹಾಯುದ್ಧದಲ್ಲಿ ಇಂಥ ನೂರಾರು ಬಸ್ಸುಗಳು ಸೈನಿಕರನ್ನು ಹೊತ್ತು ರಣರಂಗಕ್ಕೂ ಹೋದವು. ಆಗ ಮೇಲಿನ ಅಂತಸ್ತಿಗೆ ಚಾವಣಿಯಿರಲಿಲ್ಲ. ಮಳೆ ಬಂದರೆ ಪ್ರಯಾಣಿಕರು ನೆನೆಯಬೇಕಿತ್ತು. ಲಂಡನ್ನಿನಲ್ಲಿ ಚಾವಣಿ ಬಂದದ್ದು 1920ರ ದಶಕದ ನಡುವಿನಲ್ಲಿ.

ಮಗುಚದಿರುವ ಗುಟ್ಟು ಸರಳವಾದುದು. ಎಂಜಿನ್, ಗೇರುಪೆಟ್ಟಿಗೆ, ಅಚ್ಚುಗಳಂಥ ಭಾರವೆಲ್ಲ ನೆಲಕ್ಕೆ ಸಮೀಪದಲ್ಲಿರುತ್ತದೆ. ಮೇಲಿನ ಕಟ್ಟಡ ಹಗುರ. ಅದನ್ನು ಪರೀಕ್ಷಿಸದೆ ರಸ್ತೆಗೆ ಬಿಡುತ್ತಿರಲಿಲ್ಲ. ಮೇಲಂತಸ್ತಿನಲ್ಲಿ ಪ್ರಯಾಣಿಕರ ತೂಕಕ್ಕೆ ಸಮನಾದ ಮರಳುಚೀಲಗಳನ್ನಿರಿಸಿ, ಕೆಳಗಿನ ಆಸನಗಳನ್ನು ಖಾಲಿ ಬಿಟ್ಟು, ಬಸ್ಸನ್ನು ಒಂದು ಪಕ್ಕಕ್ಕೆ ವಾಲಿಸುತ್ತಿದ್ದರು. 28 ಡಿಗ್ರಿಯವರೆಗೆ ವಾಲಿದರೂ ಅದು ಉರುಳಬಾರದು.

ಈ ಬಸ್ಸುಗಳಲ್ಲೆಲ್ಲ ಹೆಸರಾದದ್ದು 'ರೂಟ್‌ಮಾಸ್ಟರ್'. ಅದರ ಹುಟ್ಟಿನ ಹಿಂದೆ ಯುದ್ಧದ ಕಥೆಯೊಂದಿದೆ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಸಾರಿಗೆ ಸಂಸ್ಥೆಯೂ ಅದರ ಜೊತೆಗಿದ್ದ ಕಾರ್ಖಾನೆಗಳೂ ಸೇರಿ 710 ಹ್ಯಾಲಿಫ್ಯಾಕ್ಸ್ ಬಾಂಬರ್ ವಿಮಾನಗಳನ್ನು ಕಟ್ಟಿದವು. ದುಡಿದವರಲ್ಲಿ ಮೊದಲ ಬಾರಿಗೆ ಕಾರ್ಖಾನೆಯ ಮೆಟ್ಟಿಲೇರಿದ ಮಹಿಳೆಯರೂ ಅನೇಕರಿದ್ದರು. ಅಲ್ಯೂಮಿನಿಯಂ ತಗಡನ್ನು ರಿವೆಟ್ ಹೊಡೆದು ಜೋಡಿಸುವ ಆ ವಿದ್ಯೆ ಶಾಂತಿಯ ಕಾಲದಲ್ಲಿ ಬಸ್ಸಿಗೆ ಬಂದಿತು. ಮೃತ್ಯುವನ್ನು ಹೊತ್ತ ವಾಹನದಿಂದ ಕಲಿತದ್ದು ಶಾಲೆಗೂ ಸಂತೆಗೂ ಜನರನ್ನೊಯ್ಯುವ ವಾಹನಕ್ಕೆ ನೆರವಾಯಿತು.

ರೂಟ್‌ಮಾಸ್ಟರಿಗೆ ಉದ್ದಕ್ಕೂ ಹಾಸಿದ ಪ್ರತ್ಯೇಕ ಚಾಸಿ ಇರಲಿಲ್ಲ. ಅಲ್ಯೂಮಿನಿಯಂ ಒಡಲೇ ಭಾರ ಹೊರುತ್ತಿತ್ತು. ಎಂಜಿನ್ ಮತ್ತು ಸ್ಟಿಯರಿಂಗ್ ಹೊತ್ತ ಉಕ್ಕಿನ ಚೌಕಟ್ಟು ಮುಂದೆ, ಹಿಂದಿನ ಅಚ್ಚನ್ನು ಹೊತ್ತ ಇನ್ನೊಂದು ಹಿಂದೆ. ಹಿಂದಿನ 'ಆರ್‌ಟಿ' ಬಸ್ಸಿನಲ್ಲಿ 56 ಆಸನಗಳಿದ್ದರೆ ಇದರಲ್ಲಿ 64. ಆದರೂ ತೂಕ ಹೆಚ್ಚಲಿಲ್ಲ. 1954ರಲ್ಲಿ ಮೊದಲ ಮಾದರಿ ಪ್ರದರ್ಶನ ಕಂಡು, 1956ರಲ್ಲಿ ಪ್ರಯಾಣಿಕರ ಸೇವೆಗೆ ಇಳಿಯಿತು. 1968ರ ವೇಳೆಗೆ ಒಟ್ಟು 2,876 ಬಸ್ಸುಗಳು ಸಿದ್ಧವಾದವು. ಆಲ್ಡನ್‌ಹ್ಯಾಮ್ ಕಾರ್ಯಾಗಾರದಲ್ಲಿ ಒಡಲನ್ನು ಕ್ರೇನಿನಿಂದ ಎತ್ತಿ, ಭಾಗಗಳನ್ನು ಬಿಡಿಸಿ, ಸರಿಪಡಿಸಿ, ಮತ್ತೆ ಕೂರಿಸುತ್ತಿದ್ದರು. ಒಂದು ಬಸ್ಸಿನ ಭಾಗ ಇನ್ನೊಂದಕ್ಕೆ ಕರಾರುವಾಕ್ಕಾಗಿ ಹೊಂದುತ್ತಿತ್ತು. ಕೆಟ್ಟದ್ದನ್ನು ಎಸೆಯದೆ ತಿದ್ದಿ ಬಳಸುವ ಈ ಕ್ರಮವೇ ಅದರ ದೀರ್ಘಾಯುಷ್ಯಕ್ಕೆ ಕಾರಣ.

ಆದರೆ ಬಸ್ಸು ಲೋಹದಿಂದ ಮಾತ್ರ ಓಡುವುದಿಲ್ಲ, ಜನರಿಂದ ಓಡುತ್ತದೆ. ಆಳುಗಳ ಕೊರತೆಯಿಂದಾಗಿ ಲಂಡನ್ ಸಾರಿಗೆ ಸಂಸ್ಥೆ 1956ರಿಂದ ದೂರದ ಬಾರ್ಬಡೋಸ್ ದ್ವೀಪದಲ್ಲಿಯೇ ನೇಮಕಾತಿ ನಡೆಸಿತು. ಎಲ್ಲ ಊರುಗಳೂ ಹಾಗಿರಲಿಲ್ಲ. ಬ್ರಿಸ್ಟಲ್ ನಗರದ ಬಸ್ ಕಂಪನಿ ಕರಿಯರನ್ನೂ ಏಷ್ಯದವರನ್ನೂ ಬಸ್ಸಿನ ಸಿಬ್ಬಂದಿಯಾಗಿ ಸೇರಿಸಿಕೊಳ್ಳಲು ಒಪ್ಪಲಿಲ್ಲ. 1963ರಲ್ಲಿ ಅಲ್ಲಿಯ ಜನ ತಿಂಗಳುಗಟ್ಟಲೆ ಬಸ್ಸನ್ನು ಬಹಿಷ್ಕರಿಸಿದರು. ಆಗಸ್ಟ್ 28ರಂದು ಕಂಪನಿ ಮಣಿಯಿತು. ಮರುತಿಂಗಳು ಕಂಡಕ್ಟರನಾಗಿ ಸೇರಿದ ಮೊದಲಿಗ ನಮ್ಮ ದೇಶದ ಮೂಲದ ಸಿಖ್ಖನೊಬ್ಬ. ವುಲ್ವರ್‌ಹ್ಯಾಂಪ್ಟನ್ನಿನಲ್ಲಿ ಪೇಟ ಧರಿಸಿ ಬಸ್ಸು ನಡೆಸುವ ಹಕ್ಕಿಗಾಗಿ ಸಿಖ್ಖರು ಹೋರಾಡಿ 1969ರಲ್ಲಿ ಗೆದ್ದರು. ಟಿಕೇಟು ಹರಿಯುವ ಕೈಯ ಬಣ್ಣವನ್ನು ನೋಡುವ ಸಮಾಜ, ಆ ಕೈಯ ದುಡಿಮೆಯನ್ನು ನೋಡಲು ಎಷ್ಟು ಕಾಲ ಹಿಡಿಯಿತೆಂಬುದನ್ನು ನಾವು ಗಮನಿಸಬೇಕು.

2005ರ ಡಿಸೆಂಬರ್ 9ರಂದು ರೂಟ್‌ಮಾಸ್ಟರ್ ಲಂಡನ್ನಿನ ದೈನಂದಿನ ಸೇವೆಯಿಂದ ನಿವೃತ್ತಿ ಹೊಂದಿತು. ಬೀದಿಯ ಇಕ್ಕೆಲಗಳಲ್ಲಿ ನಿಂತು ಜನ ಬೀಳ್ಕೊಟ್ಟರು. ಹಿಂಬದಿಯ ತೆರೆದ ಕಟ್ಟೆಯಿಂದ ಹತ್ತಿ ಇಳಿಯುವ ಸೊಗಸನ್ನು ಅನೇಕರು ಇಂದಿಗೂ ನೆನೆಯುತ್ತಾರೆ. ಆದರೆ ಗಾಲಿಕುರ್ಚಿಯಲ್ಲಿ ಕುಳಿತವರಿಗೆ ಆ ಮೆಟ್ಟಿಲು ಎಂದೂ ತೆರೆದ ಬಾಗಿಲಾಗಿರಲಿಲ್ಲ. ಹೊಸ ಬಸ್ಸಿನ ತಗ್ಗಿದ ನೆಲ ಅವರನ್ನೂ ಒಳಗೆ ಕರೆಯಿತು.

ಬೆಂಗಳೂರಿನ ಆ ಹಳೆಯ ಎರಡಂತಸ್ತಿನ ಬಸ್ಸುಗಳೂ 1990ರ ದಶಕದಲ್ಲಿ ಮರೆಯಾದವು. ಮುಂಬಯಿಯಲ್ಲಿ 1937ರಿಂದ ಓಡಿದ ಡೀಸೆಲ್ ಡಬಲ್ ಡೆಕ್ಕರುಗಳ ಪರಂಪರೆ 2023ರ ಸೆಪ್ಟೆಂಬರಿನಲ್ಲಿ ಮುಗಿಯಿತು. ವಿದ್ಯುತ್ ಬಸ್ಸುಗಳು ಆ ಸ್ಥಾನಕ್ಕೆ ಬಂದವು. ಹಳೆಯದನ್ನು ಪ್ರೀತಿಸುವುದು ತಪ್ಪಲ್ಲ. ಆದರೆ ಅದರ ಬಣ್ಣವನ್ನಷ್ಟೇ ನೆನೆಯದೆ, ಕಟ್ಟಿದವರ ಶ್ರದ್ಧೆಯನ್ನೂ ಅದರಲ್ಲಿ ದುಡಿಯಲು ಹೋರಾಡಿದವರ ಛಲವನ್ನೂ ಹೊರಗುಳಿದವರ ನೋವನ್ನೂ ನೆನೆದರೆ, ಆ ನೆನಪು ಮಕ್ಕಳಿಗೆ ಹೇಳಲು ಯೋಗ್ಯವಾಗುತ್ತದೆ.